ಔಷಧಿ ಆಕೆಗೆ ಮಾತ್ರ ಸಿಗುತ್ತಿದೆ, ಮನೆಗೆ ಬರುವವರಿಗೆ ಕೊಡಿಸುವುದು ಹೇಗೆ?

ಪ್ರಶ್ನೆ: ಕ್ಷೇತ್ರ ಕಾರ್ಯಕರ್ತೆ, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರ ನಗರದಲ್ಲಿಯೂ ಸುತ್ತಲಿನ ಕೆಲವು ಹಳ್ಳಿಗಳಲ್ಲಿಯೂ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರನ್ನು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕರೆದೊಯ್ಯುವ ಕೆಲಸವನ್ನು ನಾನು ಆರು ವರ್ಷಗಳಿಂದ ಮಾಡುತ್ತಿದ್ದೇನೆ. ಈಗ ನನ್ನಿಂದ ಬಿಡಿಸಲಾಗದ ಒಂದು ಗಂಟು ಎದುರಾಗಿದೆ. ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಸುಮಾರು ಮೂವತ್ತನಾಲ್ಕು ವರ್ಷದ ಒಬ್ಬ ಸಹೋದರಿ ಮನೆಯಿಂದಲೇ ವೃತ್ತಿ ನಡೆಸುತ್ತಾರೆ. ತಪಾಸಣೆಯನ್ನು ತಪ್ಪಿಸಿಕೊಂಡವರಲ್ಲ. ಆದರೂ ಕಳೆದ ಹದಿನಾಲ್ಕು ತಿಂಗಳಲ್ಲಿ ಬಿಳಿ ಸೆರಗಿನ ತೊಂದರೆಯಿಂದ ಮೂರು ಬಾರಿ ಬೂದು ಬಣ್ಣದ ಮಾತ್ರೆ ಪೊಟ್ಟಣವನ್ನೂ ಒಂದು ಬಾರಿ ಹಸಿರು ಪೊಟ್ಟಣವನ್ನೂ ತೆಗೆದುಕೊಂಡಿದ್ದಾರೆ. ಪ್ರತಿ ಸಲವೂ ಹತ್ತು ಹದಿನೈದು ದಿನ ಗುಣವಾದಂತೆ ಕಂಡು ಮತ್ತೆ ಶುರುವಾಗುತ್ತದೆ. ಕಳೆದ ತಿಂಗಳು ರಕ್ತ ಪರೀಕ್ಷೆಯಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇರುವುದಾಗಿ ತಿಳಿದು, ಪೆನಿಸಿಲಿನ್ ಸೂಜಿಯನ್ನೂ ಒಂದು ಸಲ ಹಾಕಿಸಿಕೊಂಡರು. ಗಿರಾಕಿಗಳ ಜೊತೆ ಕಾಂಡೋಮ್ ಇಲ್ಲದೆ ಇರುವುದೇ ಇಲ್ಲ ಎಂದು ಅವರು ಹೇಳುತ್ತಾರೆ, ನಾನು ಅದನ್ನು ನಂಬುತ್ತೇನೆ. ಕಾಂಡೋಮ್ ಬಳಸದಿರುವುದು ಒಬ್ಬರ ಜೊತೆ ಮಾತ್ರ. ಅವರು ಒಂಬತ್ತು ವರ್ಷಗಳಿಂದ ಮನೆಗೆ ಬಂದು ಹೋಗುವವರು, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು, ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಹೆಂಡತಿ ಮಕ್ಕಳಿರುವವರು. ಆಕೆಯ ಮಗಳ ಶಾಲೆಯ ಶುಲ್ಕವನ್ನು ಕಟ್ಟುವವರೂ ಅವರೇ.

ಆ ವ್ಯಕ್ತಿಗೆ ನೋವಿಲ್ಲ, ಹುಣ್ಣಿಲ್ಲ, ಉರಿಯಿಲ್ಲ. ‘ನನಗೇನಾಗಿದೆ ಅಂತ ಆಸ್ಪತ್ರೆಗೆ ಬರಲಿ, ನಿನಗೆ ಉಷ್ಣ ಜಾಸ್ತಿಯಾಗಿದೆ, ಎಳನೀರು ಕುಡಿ’ ಎನ್ನುತ್ತಾರಂತೆ. ಆಕೆ ರೋಗದ ಹೆಸರನ್ನು ಹೇಳಿಲ್ಲ. ಹೇಳಿದರೆ ಹೊಡೆದಾರು, ಇಲ್ಲವೇ ಬಿಟ್ಟು ಹೋದಾರು ಎಂಬ ಭಯ. ಮಾತ್ರೆಗಳನ್ನಾದರೂ ಆಕೆಯ ಕೈಯಲ್ಲೇ ಕಳುಹಿಸಬಹುದೇ? ಆಸ್ಪತ್ರೆಯವರು ಆ ವ್ಯಕ್ತಿಯ ಹೆಸರು ಕೇಳಿದರೆ ಆಕೆ ಹೇಳಲೇಬೇಕೇ? ಅವರು ಬರದೇ ಹೋದರೆ ಆಕೆಗೆ ಹೀಗೆಯೇ ಪೊಟ್ಟಣದ ಮೇಲೆ ಪೊಟ್ಟಣ ಕೊಡುತ್ತಾ ಹೋಗುವುದರಲ್ಲಿ ಅರ್ಥವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ನಿವೃತ್ತ ಚರ್ಮ ಮತ್ತು ಗುಹ್ಯರೋಗ ವೈದ್ಯ

ತಾಯಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ತೂಬನ್ನು ತೆರೆದಿಟ್ಟುಕೊಂಡು ಕೆರೆ ತುಂಬಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಕೋಲಾರದವರಿಗೆ ನಾನು ವಿವರಿಸಬೇಕಾಗಿಲ್ಲ. ಆದರೆ ತೂಬು ಅದೇ ಎಂದು ತೀರ್ಮಾನಿಸುವ ಮೊದಲು ನೋಡಬೇಕಾದ ಸಂಗತಿಗಳಿವೆ. ನಾವು ವೈದ್ಯರೇ ಅವಸರದಲ್ಲಿ ಅವನ್ನು ಬಿಟ್ಟುಬಿಡುವುದುಂಟು.

ಬಿಳಿ ಸೆರಗು ಒಂದೇ ರೋಗದ ಲಕ್ಷಣವಲ್ಲ. ಗರ್ಭಕೋಶದ ಕೊರಳಿನಲ್ಲಿ ಸೋಂಕಿದ್ದರೆ ಅದು ಬಹುಮಟ್ಟಿಗೆ ಗೊನೋರಿಯಾ ಅಥವಾ ಕ್ಲಮಿಡಿಯಾ ಎಂಬ ಲೈಂಗಿಕ ಸೋಂಕು ಆಗಿರುತ್ತದೆ. ನಾನು ಸೇವೆಯಲ್ಲಿದ್ದಾಗ ಅದಕ್ಕೆ ಬೂದು ಪೊಟ್ಟಣವಿತ್ತು, ಅಂದರೆ 1 ಗ್ರಾಂ ಅಜಿತ್ರೋಮೈಸಿನ್ ಮತ್ತು 400 ಮಿಲಿಗ್ರಾಂ ಸೆಫಿಕ್ಸಿಮ್, ಒಂದೇ ಸಲಕ್ಕೆ ನುಂಗುವಂಥದ್ದು. ಯೋನಿಯೊಳಗಿನ ಸೋಂಕಿಗೆ ಹಸಿರು ಪೊಟ್ಟಣ, ಅದರಲ್ಲಿ 2 ಗ್ರಾಂ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲುಕೊನಜೋಲ್. ಎರಡನೆಯ ಗುಂಪಿನಲ್ಲಿ ಟ್ರೈಕೊಮೊನಾಸ್ ಎಂಬುದು ಸಂಗಾತಿಯಿಂದ ಬರುವಂಥದ್ದು, ಅದಕ್ಕೆ ಇಬ್ಬರಿಗೂ ಔಷಧಿ ಬೇಕು. ಆದರೆ ಬೂಷ್ಟಿನ ಸೋಂಕಾಗಲಿ, ಯೋನಿಯೊಳಗಿನ ಸಹಜ ಸೂಕ್ಷ್ಮಜೀವಿಗಳ ಸಮತೋಲನ ತಪ್ಪಿ ಮೀನಿನಂತಹ ವಾಸನೆ ಬರುವ ತೊಂದರೆಯಾಗಲಿ ಸಂಗಾತಿಯ ಪಾಲಿಲ್ಲದೆಯೂ ಮರುಕಳಿಸುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಬೂಷ್ಟಿನ ಸೋಂಕು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಗಿರಾಕಿ ಹೋದ ಮೇಲೆ ಸೋಪು ಅಥವಾ ಡೆಟಾಲ್ ನೀರಿನಿಂದ ಒಳಗೆಲ್ಲ ತೊಳೆದುಕೊಳ್ಳುವವರಲ್ಲಿಯೂ ಈ ತೊಂದರೆಗಳು ಹೆಚ್ಚು. ಆದ್ದರಿಂದ ಇನ್ನೊಂದು ಪೊಟ್ಟಣಕ್ಕೆ ಮೊದಲು ಉಪಕರಣ ಹಾಕಿ ಒಳಗೆ ನೋಡಿಸಿ, ಸ್ರಾವದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ರಕ್ತದ ಸಕ್ಕರೆಯನ್ನೂ ನೋಡಿಸಿ. ಒಳಗೆ ಹೇಗೆ ತೊಳೆಯುತ್ತೀರಿ ಎಂದು ನಯವಾಗಿ ಕೇಳಿ. ಈ ಪ್ರಶ್ನೆಯನ್ನು ಗಂಡಸು ವೈದ್ಯರಿಗಿಂತ ನೀವು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಆ ವ್ಯಕ್ತಿಗೆ ಲಕ್ಷಣವಿಲ್ಲ ಎಂಬುದಕ್ಕೆ ಹೆಚ್ಚಿನ ಬೆಲೆ ಕೊಡಬೇಡಿ. ಗಂಡಸರಲ್ಲಿ ಗೊನೋರಿಯಾ ಸಾಮಾನ್ಯವಾಗಿ ಕೀವು, ಉರಿಮೂತ್ರಗಳ ಮೂಲಕ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಕ್ಲಮಿಡಿಯಾ ಅನೇಕರಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಸಿಫಿಲಿಸ್‌ನ ಮೊದಲ ಹುಣ್ಣಂತೂ ನೋವೇ ಕೊಡದೆ, ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ಮಾಯುತ್ತದೆ, ರೋಗ ಮಾತ್ರ ಒಳಗೆ ಉಳಿಯುತ್ತದೆ. ನಮ್ಮ ಕಡೆಯ ಹಿರಿಯರು ಪರಂಗಿ ಹುಣ್ಣು ಎಂದು ಕರೆಯುತ್ತಿದ್ದುದು ಇದನ್ನೇ. ಮಾಯ್ದ ಹುಣ್ಣನ್ನು ಗುಣವಾದ ರೋಗವೆಂದು ನಂಬಿದ ರೋಗಿಗಳನ್ನು ನಾನು ವೃತ್ತಿಜೀವನದುದ್ದಕ್ಕೂ ನೋಡಿದ್ದೇನೆ, ಅವರಲ್ಲಿ ಓದಿದವರೂ ಇದ್ದರು.

ಇನ್ನು ಸಿಫಿಲಿಸ್ ವಿಷಯಕ್ಕೆ ಬರೋಣ, ಇದು ಹೆಚ್ಚು ಗಂಭೀರವಾದದ್ದು. ಆಕೆಯ ಹಳೆಯ ತಪಾಸಣೆಯ ಚೀಟಿಗಳು ನಿಮ್ಮಲ್ಲಿ ಇವೆಯೇ? ಸಿಫಿಲಿಸ್ ಪತ್ತೆಗೆ ಆರು ತಿಂಗಳಿಗೊಮ್ಮೆ ಮಾಡುವ ಆರ್‌ಪಿಆರ್ ಎಂಬ ರಕ್ತ ಪರೀಕ್ಷೆ ಹಿಂದಿನ ಬಾರಿ ನೆಗೆಟಿವ್ ಆಗಿದ್ದರೆ ಇದು ಹೊಸ ಸೋಂಕು. 24 ಲಕ್ಷ ಯೂನಿಟ್‌ನ ಬೆಂಜಥೀನ್ ಪೆನಿಸಿಲಿನ್ ಒಂದು ಸಲ ಕೊಟ್ಟರೆ ಸಾಕು. ಯಾವಾಗ ಬಂದದ್ದೋ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ವಾರ ಕೊಡಬೇಕು. ಆಕೆಗೆ ಒಂದೇ ಸೂಜಿ ಹಾಕಿದ್ದಾರೆಂದು ಬರೆದಿದ್ದೀರಿ, ಅದು ಯಾವ ಆಧಾರದ ಮೇಲೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆರ್‌ಪಿಆರ್ ಕೆಲವೊಮ್ಮೆ ಬೇರೆ ಕಾರಣಗಳಿಗೂ ಪಾಸಿಟಿವ್ ಬರುವುದರಿಂದ ಟಿಪಿಎಚ್‌ಎ ಎಂಬ ಇನ್ನೊಂದು ರಕ್ತ ಪರೀಕ್ಷೆಯಿಂದ ದೃಢಪಡಿಸಿದ್ದಾರೆಯೇ ಎಂಬುದನ್ನೂ ನೋಡಿ. ಆರ್‌ಪಿಆರ್ ವರದಿಯಲ್ಲಿ 1:8, 1:32 ಎಂಬಂತಹ ಅಂಕಿ ಇರುತ್ತದೆ, ಅಂದರೆ ಮಾದರಿಯನ್ನು ಎಷ್ಟು ಪಟ್ಟು ತೆಳುಗೊಳಿಸಿದರೂ ಪಾಸಿಟಿವ್ ಬರುತ್ತದೆ ಎಂಬುದು. ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಗುಣವಾಗಿದೆಯೋ ಇಲ್ಲವೋ ಎಂದು ಹೇಳುವುದು ಆ ಅಂಕಿಯೇ.

ಹೊಸ ಸೋಂಕಾದರೆ, ಕಳೆದ 90 ದಿನಗಳಲ್ಲಿ ಸಂಪರ್ಕವಿದ್ದ ಸಂಗಾತಿಯ ಪರೀಕ್ಷೆ ನೆಗೆಟಿವ್ ಬಂದರೂ ಚಿಕಿತ್ಸೆ ಕೊಡಬೇಕು. ರೋಗಾಣು ದೇಹ ಸೇರಿ ಹುಣ್ಣು ಕಾಣಿಸಲು ಮೂರು ತಿಂಗಳವರೆಗೂ ಹಿಡಿಯಬಹುದು. ಆ ಅವಧಿಯಲ್ಲಿ ರಕ್ತ ಪರೀಕ್ಷೆ ಅದನ್ನು ಹಿಡಿಯದಿರಬಹುದು. ಈ ಔಷಧಿಯನ್ನು ಕೈಯಲ್ಲಿ ಕೊಟ್ಟು ಕಳುಹಿಸಲು ಸಾಧ್ಯವೇ ಇಲ್ಲ. ಅದು ಪೃಷ್ಠದ ಸ್ನಾಯುವಿಗೆ ಹಾಕುವ ಸೂಜಿ, ಹಾಕಿದ ಮೇಲೆ ಅಲರ್ಜಿ ಆಗುವುದೇ ಎಂದು ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ ನೋಡಬೇಕು. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಸಿಫಿಲಿಸ್‌ನ ಮಟ್ಟಿಗೆ ಉತ್ತರ ಇಲ್ಲ ಎಂಬುದೇ. ಸೂಜಿ ಹಾಕಿಸಿಕೊಂಡ ದಿನ ರಾತ್ರಿ ಕೆಲವರಿಗೆ ಚಳಿ ಜ್ವರ, ಮೈಕೈ ನೋವು ಬರುತ್ತದೆ. ರೋಗಾಣುಗಳು ಒಟ್ಟಿಗೆ ಸಾಯುವುದರಿಂದ ಆಗುವ ಪ್ರತಿಕ್ರಿಯೆ ಅದು, ಒಂದು ದಿನದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆ ಮನುಷ್ಯ ‘ಕೆಟ್ಟ ಸೂಜಿ ಹಾಕಿದರು’ ಎಂದು ಮತ್ತೆಂದೂ ಇತ್ತ ತಲೆ ಹಾಕುವುದಿಲ್ಲ.

ಮುಳಬಾಗಿಲಿನ ಹೆಂಡತಿಯ ವಿಷಯವನ್ನು ನೀವು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಹೆಚ್ಚು ಚಿಂತೆ ಅವರದೇ. ಆಕೆಗೆ ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವವರು ಯಾರೂ ಇಲ್ಲ. ಗರ್ಭಿಣಿಯಾದರೆ ಮಾತ್ರ ಮೊದಲ ತಪಾಸಣೆಯಲ್ಲಿ ಸಿಫಿಲಿಸ್ ಮತ್ತು ಎಚ್‌ಐವಿ ನೋಡುತ್ತಾರೆ. ಚಿಕಿತ್ಸೆಯಾಗದ ಸಿಫಿಲಿಸ್ ಗರ್ಭಪಾತಕ್ಕೂ, ಮಗು ಹೊಟ್ಟೆಯಲ್ಲೇ ಸಾಯುವುದಕ್ಕೂ ಕಾರಣವಾಗುತ್ತದೆ.

ಉತ್ತರ: ಆಪ್ತಸಮಾಲೋಚಕಿ, ತುಮಕೂರು

ಡಾಕ್ಟರ್ ಅವರು ಔಷಧಿಯ ಕಡೆಯಿಂದ ಬರೆದಿದ್ದಾರೆ, ನಾನು ಮಾತಿನ ಕಡೆಯಿಂದ ಬರೆಯುತ್ತೇನೆ.

ಮೇಡಂ, ಹೆಸರು ಹೇಳಲೇಬೇಕೇ ಎಂದು ಕೇಳಿದ್ದೀರಿ. ಹೇಳಬೇಕಾಗಿಲ್ಲ. ಸಂಗಾತಿಯನ್ನು ಚಿಕಿತ್ಸೆಗೆ ಕರೆಸುವುದು ಸಂಪೂರ್ಣವಾಗಿ ಆಕೆಯ ಒಪ್ಪಿಗೆಯ ಮೇಲೆ ನಡೆಯುವ ಕೆಲಸ, ಯಾರನ್ನೂ ಎಳೆದು ತರುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ. ನಾವು ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ರೋಗದ ಹೆಸರಾಗಲಿ ಆಕೆಯ ಹೆಸರಾಗಲಿ ಇರುವುದಿಲ್ಲ. ಆತ ಆ ಚೀಟಿ ತೋರಿಸಿದರೆ ಯಾವ ಔಷಧಿ ಎಂದು ನಮಗೆ ಗೊತ್ತಾಗುತ್ತದೆ, ಅಷ್ಟೇ. ಎಚ್‌ಐವಿ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಸಂಗಾತಿಗೆ ತಿಳಿಸಲು ವೈದ್ಯರಿಗೆ ಕೆಲವು ಷರತ್ತುಗಳ ಮೇಲೆ ಅವಕಾಶವಿದ್ದರೂ, ತಿಳಿಸಿದರೆ ಹೆಣ್ಣಿನ ಮೇಲೆ ಹಿಂಸೆ ನಡೆಯಬಹುದು ಅಥವಾ ಆಕೆಯನ್ನು ಕೈಬಿಡಬಹುದು ಎಂಬ ಸಕಾರಣವಾದ ಭಯವಿದ್ದಾಗ ತಿಳಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಸಿಫಿಲಿಸ್‌ಗೆ ಹೀಗೆ ಪ್ರತ್ಯೇಕ ಕಾಯ್ದೆಯಿಲ್ಲದಿದ್ದರೂ ನಾವು ನಡೆದುಕೊಳ್ಳಬೇಕಾದ ರೀತಿ ಬೇರೆಯಲ್ಲ.

ಕರೆತರುವ ಬಗೆಯನ್ನು ಕುರಿತು ನನ್ನ ಅನುಭವ ಹೀಗಿದೆ. ‘ನಿಮ್ಮಿಂದ ನನಗೆ ಬಂತು’ ಎಂದು ಆರಂಭವಾದ ಮಾತು ಜಗಳದಲ್ಲೇ ಮುಗಿಯುತ್ತದೆ. ‘ನನಗೆ ಒಂದು ಸೋಂಕಿಗೆ ಔಷಧಿ ಕೊಟ್ಟಿದ್ದಾರೆ, ಜೊತೆಯಲ್ಲಿರುವವರೂ ಒಂದು ಸಲ ತೋರಿಸಿಕೊಳ್ಳದಿದ್ದರೆ ನನಗೆ ವಾಸಿಯಾಗುವುದಿಲ್ಲವಂತೆ’ ಎಂಬ ಮಾತು ಸುಳ್ಳೂ ಅಲ್ಲ, ಆರೋಪವೂ ಅಲ್ಲ. ಸಿರಾ ಕಡೆಯ ಹೆದ್ದಾರಿಯಲ್ಲಿ ಲಾರಿ ಓಡಿಸುವ ಒಬ್ಬರು ನಾಲ್ಕು ತಿಂಗಳು ಸತಾಯಿಸಿ, ಕೊನೆಗೆ ಈ ಮಾತಿಗೆ ಬಂದರು. ಬಂದವರು ಬಾಗಿಲಿನ ಫಲಕ ನೋಡಿ ಹಿಂತಿರುಗಲು ಹೊರಟಿದ್ದರು. ಫಲಕದಲ್ಲಿ ಬರೆದಿರುವ ಸುರಕ್ಷಾ ಕ್ಲಿನಿಕ್ ಎಂಬ ಹೆಸರು ಸೌಮ್ಯವಾದದ್ದೇ, ಆದರೆ ಅಲ್ಲಿ ಯಾರು ಕೂರುತ್ತಾರೆ ಎಂಬುದು ಪೇಟೆಗೆಲ್ಲ ಗೊತ್ತು. ಅನೇಕ ಕಡೆ ಇದು ಚರ್ಮರೋಗ ವಿಭಾಗದ ಪಕ್ಕದಲ್ಲೇ ಇರುವುದರಿಂದ, ‘ಚರ್ಮದ ಡಾಕ್ಟರ್ ಹತ್ತಿರ ಬನ್ನಿ’ ಎಂದು ಕರೆಯುವುದು ಸುಲಭ. ಹೊರರೋಗಿ ಚೀಟಿಯಲ್ಲಿಯೂ ಹಾಗೆಯೇ ಬರೆಸಬಹುದು.

ಸಮಯವನ್ನೂ ಲೆಕ್ಕ ಹಾಕಿ. ಮಂಡಿಯಲ್ಲಿ ಲೆಕ್ಕ ಬರೆಯುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೊಮೆಟೊ ರಾಶಿ ಬೀಳುವ ದಿನಗಳಲ್ಲಿ ಬೆಳಗಿನ ಹೊತ್ತು ಬಿಡುವು ಮಾಡಿಕೊಳ್ಳಲಾರರು. ‘ಬೆಳಿಗ್ಗೆ ಬನ್ನಿ’ ಎಂದು ಹೇಳಿ, ಬಾರದಿದ್ದಾಗ ‘ಸಹಕರಿಸಲಿಲ್ಲ’ ಎಂದು ಪುಸ್ತಕದಲ್ಲಿ ಬರೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಹರಾಜು ಮುಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ವೈದ್ಯರಿರುವುದನ್ನು ಮೊದಲೇ ಫೋನಿನಲ್ಲಿ ಖಚಿತಪಡಿಸಿಕೊಂಡು ಕರೆತನ್ನಿ.

ಆಕೆಗೆ ಹೊಡೆತದ ಭಯ ನಿಜವಾಗಿದ್ದರೆ ಮಾತ್ರ ಈ ಯಾವುದನ್ನೂ ಒತ್ತಾಯಿಸಬೇಡಿ. ಮಹಿಳಾ ಸಹಾಯವಾಣಿ 181, ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ ಇವುಗಳ ವಿಷಯ ಆಕೆಗೆ ತಿಳಿದಿರಲಿ. ಸೋಂಕು ಮತ್ತು ಎಚ್‌ಐವಿ ಕುರಿತು ಆ ವ್ಯಕ್ತಿಯೇ ಹೆಸರು ಹೇಳದೆ ವಿಚಾರಿಸಬೇಕೆಂದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಉತ್ತರ: ಔಷಧಿ ಅಂಗಡಿಯವನು, ಚಿಂತಾಮಣಿ

ಇಬ್ಬರ ಮಾತೂ ಸರಿಯೇ, ಆದರೆ ಆಸ್ಪತ್ರೆಗೆ ಬಾರದ ಗಂಡಸರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ರಾತ್ರಿ ಒಂಬತ್ತರ ಮೇಲೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಬಂದು, ತೆಲುಗಿನಲ್ಲೋ ಕನ್ನಡದಲ್ಲೋ ‘ಉರಿಮೂತ್ರಕ್ಕೆ ಏನಾದರೂ ಕೊಡಿ’ ಎನ್ನುತ್ತಾರೆ. ಸಿಪ್ರೊಫ್ಲಾಕ್ಸಾಸಿನ್ ಹೆಸರು ಅವರ ಬಾಯಲ್ಲೇ ಬರುತ್ತದೆ. ಎರಡು ದಿನದ ಮಾತ್ರೆ ಕೊಂಡು, ಉರಿ ಇಳಿದ ಕೂಡಲೇ ನಿಲ್ಲಿಸುತ್ತಾರೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ನಾನು ಹಿಂತಿರುಗಿ ಕಳುಹಿಸಿದರೆ ಮುಂದಿನ ಅಂಗಡಿಯಲ್ಲಿ ಸಿಗುತ್ತದೆ.

ಹೀಗಿರುವಾಗ, ಕನಿಷ್ಠ ಬೂದು ಪೊಟ್ಟಣವನ್ನಾದರೂ ಆ ಹೆಂಗಸಿನ ಕೈಯಲ್ಲಿ ಕಳುಹಿಸುವುದೇ ಮೇಲಲ್ಲವೇ? ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2006ರಿಂದಲೇ, ಸಂಗಾತಿ ಬರುವುದು ಅಸಾಧ್ಯವಾದಾಗ ಗೊನೋರಿಯಾ ಮತ್ತು ಕ್ಲಮಿಡಿಯಾಗಳಿಗೆ ಈ ದಾರಿಯನ್ನು ಒಪ್ಪಿದೆ ಎಂದು ಓದಿದ್ದೇನೆ. ಡಾಕ್ಟರ್ ಸಾಹೇಬರು ಏನೆನ್ನುತ್ತಾರೆ?

ಉತ್ತರ: ನಿವೃತ್ತ ಚರ್ಮ ಮತ್ತು ಗುಹ್ಯರೋಗ ವೈದ್ಯ

ಸ್ವಾಮಿ, ನಿಮ್ಮ ಮಾತನ್ನು ತಳ್ಳಿಹಾಕಲಾರೆ. ನೀವು ಹೇಳುವ ಸಿಪ್ರೊಫ್ಲಾಕ್ಸಾಸಿನ್ ಗೊನೋರಿಯಾದ ಮುಂದೆ ನಮ್ಮ ದೇಶದಲ್ಲಿ ಸೋತು ಬಹಳ ಕಾಲವಾಯಿತು, ಅದರ ಬದಲು ಸರಿಯಾದ ಔಷಧಿ ಸರಿಯಾದ ಪ್ರಮಾಣದಲ್ಲಿ ಹೊಟ್ಟೆಗೆ ಹೋಗುವುದು ಮೇಲು. ವೈದ್ಯರು ಆಕೆಯನ್ನು ವಿಚಾರಿಸಿ, ಆ ವ್ಯಕ್ತಿಗೆ ಔಷಧಿಗಳ ಅಲರ್ಜಿ ಇಲ್ಲವೆಂದು ತಿಳಿದುಕೊಂಡು ಕಳುಹಿಸಿದರೆ ನಾನು ಆಕ್ಷೇಪಿಸುವುದಿಲ್ಲ. ನನ್ನ ಅಂಜಿಕೆ ಬೇರೆ. ಮಾತ್ರೆ ಕೈಗೆ ಬಂದ ಮೇಲೆ ಆತ ಆಸ್ಪತ್ರೆಗೆ ಬರುವ ಕಾರಣವೇ ತಪ್ಪಿಹೋಗುತ್ತದೆ. ಆಗ ರಕ್ತ ಪರೀಕ್ಷೆ ಆಗುವುದಿಲ್ಲ, ಸಿಫಿಲಿಸ್, ಎಚ್‌ಐವಿ ಎರಡೂ ಕತ್ತಲೆಯಲ್ಲೇ ಉಳಿಯುತ್ತವೆ. ಬೂದು ಪೊಟ್ಟಣದಲ್ಲಿರುವ 1 ಗ್ರಾಂ ಅಜಿತ್ರೋಮೈಸಿನ್‌ನಿಂದ ಸಿಫಿಲಿಸ್ ಗುಣವಾಯಿತೆಂದು ಯಾರೂ ಭಾವಿಸಬಾರದು. ಈ ಪ್ರಕರಣದಲ್ಲಿ ಸಿಫಿಲಿಸ್ ಇರುವುದರಿಂದ ಪೊಟ್ಟಣ ಕಳುಹಿಸಿ ಕೈತೊಳೆದುಕೊಳ್ಳುವಂತಿಲ್ಲ.

ಹಸಿರು ಪೊಟ್ಟಣದ ಔಷಧಿಯನ್ನು ಗಂಡಸಿಗೆ ಕೊಡುವ ಸಂದರ್ಭ ಬಂದರೆ, ನುಂಗಿದ ದಿನವೂ ಆ ಮೇಲೆ ಕನಿಷ್ಠ ಎರಡು ದಿನವೂ ಮದ್ಯ ಮುಟ್ಟಬಾರದೆಂದು ಹೇಳಿ. ವಾಂತಿ, ಎದೆಬಡಿತ ಬಂದು ಹೆದರುತ್ತಾರೆ. ಒಂದೇ ಸಲದ ಔಷಧಿಯಾದರೂ ಏಳು ದಿನ ಸಂಪರ್ಕ ಬೇಡವೆಂದು ಇಬ್ಬರಿಗೂ ಹೇಳಬೇಕು.

ಉತ್ತರ: ಸಮುದಾಯದ ಮಹಿಳೆ, ತುಮಕೂರು ಜಿಲ್ಲೆ

ನಾನು ಇದೇ ವೃತ್ತಿಯಲ್ಲಿ ಹದಿನೆಂಟು ವರ್ಷ ಇದ್ದು, ಈಗ ಇತರರಿಗೆ ತಿಳಿಹೇಳುವ ಕೆಲಸ ಮಾಡುತ್ತಿದ್ದೇನೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದ ಬರೆದಿದ್ದೀರಿ. ಆದರೆ ಆ ಅಕ್ಕ ಅವರ ಜೊತೆ ಕಾಂಡೋಮ್ ಏಕೆ ಬಳಸುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಗಿರಾಕಿಗೆ ಕಾಂಡೋಮ್ ಹಾಕಿಸುವುದು ನಮಗೆ ಕಷ್ಟವಲ್ಲ, ಅದು ವ್ಯವಹಾರ. ಮನೆಯವರ ಮುಂದೆ ಅದನ್ನು ತೆಗೆದರೆ ‘ನಾನೂ ಗಿರಾಕಿಯೇ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿಲ್ಲ, ಏಕೆಂದರೆ ಅವರು ಗಿರಾಕಿ ಅಲ್ಲ ಎಂಬುದನ್ನು ಅವರಿಗೂ ನಮಗೂ ನಾವು ತೋರಿಸಿಕೊಳ್ಳುತ್ತಿರುವುದೇ ಕಾಂಡೋಮ್ ಇಲ್ಲದೆ ಇರುವುದರ ಮೂಲಕ. ಹಿಂದೆ ಒಬ್ಬ ಸಿಸ್ಟರ್ ‘ಮಕ್ಕಳಾಗದಿರಲಿ ಎಂದು ಹಾಕಿಕೊಳ್ಳಿ ಅಂತ ಹೇಳು’ ಎಂದು ಉಪಾಯ ಹೇಳಿಕೊಟ್ಟರು. ನಮ್ಮಲ್ಲಿ ಹೆಚ್ಚಿನವರಿಗೆ ಎರಡನೆಯ ಮಗುವಿಗೇ ಆಪರೇಷನ್ ಆಗಿರುತ್ತದೆ, ಅದು ಮನೆಗೆ ಬರುವವರಿಗೆ ಗೊತ್ತಿರುತ್ತದೆ. ಇಂತಹ ಉಪಾಯಗಳು ಆಸ್ಪತ್ರೆಯ ಬೆಂಚಿನ ಮೇಲೆ ಚೆನ್ನಾಗಿ ಕೇಳಿಸುತ್ತವೆ, ಮನೆಯ ಬಾಗಿಲು ದಾಟುವುದಿಲ್ಲ.

ನನಗೂ ಹೀಗೆಯೇ ಆಗಿತ್ತು. ನನ್ನವರನ್ನು ಮೊದಲ ಬಾರಿ ಒಂದು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿದ್ದವರು ಎಲ್ಲರ ಮುಂದೆ ‘ಇವಳ ಹತ್ತಿರ ಹೋಗುತ್ತೀರಲ್ಲ, ಮನೆಯಲ್ಲಿ ಹೆಂಡತಿ ಇಲ್ಲವೇ’ ಎಂದು ಕೇಳಿದರು. ಅವರು ಚೀಟಿಯನ್ನು ಅಲ್ಲೇ ಬಿಸಾಡಿ ಬಂದುಬಿಟ್ಟರು, ಒಂದು ತಿಂಗಳು ನನ್ನ ಮನೆಗೂ ಬರಲಿಲ್ಲ. ಎರಡನೆಯ ಬಾರಿ ಬೇರೆ ಕಡೆ ಹೋದೆವು. ಅಲ್ಲಿನ ಡಾಕ್ಟರಮ್ಮ ಯಾರು ಯಾರಿಗೆ ಏನಾಗಬೇಕು ಎಂದು ಕೇಳಲೇ ಇಲ್ಲ. ಇಬ್ಬರಿಗೂ ಎರಡು ಲೋಟ ನೀರು ಕೊಟ್ಟು, ಮಾತ್ರೆಗಳನ್ನು ತಮ್ಮ ಎದುರಿಗೇ ಒಟ್ಟಿಗೆ ನುಂಗಿಸಿದರು. ಹೊರಗೆ ಬಂದು ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಅವರು ‘ಇಷ್ಟೇ ಏನು’ ಎಂದರು. ಅಷ್ಟೇ ಆಗಿತ್ತು. ನಾನು ಅವರಿಗೆ ವಿವರಿಸಿ ವಿವರಿಸಿ ಸೋತಿದ್ದೆ, ಆ ಎರಡು ಲೋಟ ನೀರು ಆ ಕೆಲಸ ಮಾಡಿತು.

ಯಾರಿಂದ ಯಾರಿಗೆ ಬಂತು ಎಂದು ಹುಡುಕಬೇಡಿ ಎಂದು ನಾನೂ ಹೇಳುತ್ತೇನೆ, ಆದರೆ ಅದನ್ನು ಆ ಅಕ್ಕನಿಗೂ ಹೇಳಿ. ಕಾಂಡೋಮ್ ಹರಿದಿರಬಹುದು, ಕುಡಿದ ಗಿರಾಕಿ ನಡುವೆ ತೆಗೆದಿರಬಹುದು, ಅವರು ಬೇರೆ ಕಡೆ ಹೋಗಿರಬಹುದು. ಪರೀಕ್ಷೆಯ ಕಾಗದ ಇದನ್ನು ಹೇಳುವುದಿಲ್ಲ. ನನಗೆ ಬಂದದ್ದಕ್ಕೆ ನಾನೇ ಕಾರಣ ಎಂದು ನಾನು ಎರಡು ವರ್ಷ ನಂಬಿಕೊಂಡು, ಅವರನ್ನು ಬಾ ಎಂದು ಕರೆಯುವ ಹಕ್ಕೇ ನನಗಿಲ್ಲ ಎಂದು ಸುಮ್ಮನಿದ್ದೆ.

ಇನ್ನೊಂದು ವಿಷಯ. ಮನೆಯಲ್ಲಿ ಕಾಂಡೋಮ್ ಪೊಟ್ಟಣಗಳನ್ನು ಇಟ್ಟುಕೊಳ್ಳಲು ಪೊಲೀಸರ ಭಯದಿಂದ ಹಿಂಜರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸುಪ್ರೀಂ ಕೋರ್ಟು 2022ರ ಮೇ 19ರ ಆದೇಶದಲ್ಲಿ, ಕಾಂಡೋಮ್ ಬಳಕೆಯಂತಹ ಆರೋಗ್ಯ ರಕ್ಷಣೆಯ ಕ್ರಮವನ್ನು ಅಪರಾಧವೆಂದಾಗಲಿ ಅಪರಾಧದ ಸಾಕ್ಷಿಯೆಂದಾಗಲಿ ನೋಡಬಾರದು ಎಂಬ ಶಿಫಾರಸನ್ನು ಪಾಲಿಸಲು ಸರ್ಕಾರಗಳಿಗೆ ಸೂಚಿಸಿದೆ. ಅದರ ಒಂದು ಪ್ರತಿಯನ್ನು ನಾನು ಕೈಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತೇನೆ. ನೀವೂ ಇಟ್ಟುಕೊಳ್ಳಿ ಅಕ್ಕ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ.

ಹಳೆಯ ಚೀಟಿಗಳನ್ನು ಹುಡುಕಿದಾಗ, ಎಂಟು ತಿಂಗಳ ಹಿಂದಿನ ಆರ್‌ಪಿಆರ್ ನೆಗೆಟಿವ್ ಎಂದು ಸಿಕ್ಕಿತು. ಈ ಸಲದ್ದು 1:32, ಟಿಪಿಎಚ್‌ಎ ಕೂಡ ಪಾಸಿಟಿವ್. ಆದ್ದರಿಂದ ಒಂದೇ ಸೂಜಿ ಕೊಟ್ಟಿದ್ದರಲ್ಲಿ ತಪ್ಪಿಲ್ಲವೆಂದು ಇಲ್ಲಿನ ವೈದ್ಯರೂ ಹೇಳಿದರು. ರಕ್ತದ ಸಕ್ಕರೆ ಸರಿಯಾಗಿದೆ. ಒಳಗೆ ತೊಳೆದುಕೊಳ್ಳುವ ವಿಷಯ ಕೇಳಿದಾಗ ಆ ಸಹೋದರಿ ನಕ್ಕು, ದಿನಕ್ಕೆ ಮೂರು ನಾಲ್ಕು ಸಲ ಬಟ್ಟೆ ತೊಳೆಯುವ ಸೋಪಿನಿಂದ ಎಂದರು. ಆರು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅದನ್ನು ನಿಲ್ಲಿಸಿ ಮತ್ತೊಮ್ಮೆ ಹಸಿರು ಪೊಟ್ಟಣ ತೆಗೆದುಕೊಂಡ ಮೇಲೆ ಬಿಳಿ ಸೆರಗು ಬಹಳ ಕಡಿಮೆಯಾಗಿದೆ. ಹಿಂದಿನ ಮೂರು ಬೂದು ಪೊಟ್ಟಣಗಳಲ್ಲಿ ಎಷ್ಟು ನಿಜವಾಗಿ ಬೇಕಾಗಿದ್ದವೋ ಎಂದು ಈಗ ಅನುಮಾನವಾಗುತ್ತಿದೆ.

ಆ ವ್ಯಕ್ತಿ ಬಂದರು. ‘ನನಗೆ ವಾಸಿಯಾಗುವುದಿಲ್ಲವಂತೆ’ ಎಂಬ ಮಾತಿಗೆ ಎರಡು ವಾರ ಸುಮ್ಮನಿದ್ದು, ಮಂಡಿಯಲ್ಲಿ ಮಳೆಯಿಂದ ಆವಕ ಕಡಿಮೆಯಿದ್ದ ಒಂದು ಮಧ್ಯಾಹ್ನ ತಾವಾಗಿಯೇ ಫೋನ್ ಮಾಡಿದರಂತೆ. ನಾನು ಜೊತೆಯಲ್ಲಿ ಹೋಗದೆ ದೂರದಲ್ಲೇ ನಿಂತೆ. ಎಚ್‌ಐವಿ ಇಬ್ಬರಿಗೂ ಇಲ್ಲ. ಅವರ ಆರ್‌ಪಿಆರ್ 1:16 ಬಂದಿತು, ಸೂಜಿ ಹಾಕಿದರು. ಹಳೆಯ ಪರೀಕ್ಷೆಯ ದಾಖಲೆ ಇಲ್ಲದ್ದರಿಂದ ಇನ್ನೂ ಎರಡು ವಾರ ಬರಬೇಕೆಂದಿದ್ದಾರೆ, ಎರಡನೆಯದೂ ಆಯಿತು. ರಾತ್ರಿ ಜ್ವರ ಬರುತ್ತದೆಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಈಗ ಎರಡು ಸಂದೇಹಗಳಿವೆ. ಆ ಸಹೋದರಿಗೆ ಸೂಜಿ ಹಾಕಿದ ದಿನಕ್ಕೂ ಇವರಿಗೆ ಹಾಕಿದ ದಿನಕ್ಕೂ ನಡುವೆ ಎರಡು ತಿಂಗಳು ಕಳೆದಿದ್ದು, ಆ ಅವಧಿಯಲ್ಲಿ ಅವರಿಬ್ಬರ ಸಂಪರ್ಕ ಎಂದಿನಂತೆಯೇ ಇತ್ತು. ಆಕೆಗೆ ಮತ್ತೆ ಸೂಜಿ ಬೇಕೇ? ಮತ್ತು ಹೆಂಡತಿಯ ವಿಷಯ ಎತ್ತಿದಾಗ ಅವರು ತಲೆ ತಗ್ಗಿಸಿ ‘ನೋಡೋಣ’ ಎಂದರು. ಅದಕ್ಕಿಂತ ಹೆಚ್ಚು ಕೇಳಲು ನನಗೆ ಧೈರ್ಯ ಬರಲಿಲ್ಲ.

ಉತ್ತರ: ನಿವೃತ್ತ ಚರ್ಮ ಮತ್ತು ಗುಹ್ಯರೋಗ ವೈದ್ಯ

ತಾಯಿ, ಆಕೆಗೆ ಇನ್ನೊಮ್ಮೆ ಕೊಡುವುದು ಲೇಸು ಎಂದು ನನ್ನ ಅಭಿಪ್ರಾಯ. ಆ ವ್ಯಕ್ತಿಯ ಮೂರನೆಯ ಸೂಜಿಯ ದಿನವೇ ಆಕೆಗೂ ಹಾಕಿಸಿ, ಅದೇ ದಿನ ರಕ್ತ ತೆಗೆಸಿ ಅಂಕಿ ನೋಡಿ. ಆ ಮೇಲೆ ಮೂರು, ಆರು, ಹನ್ನೆರಡನೆಯ ತಿಂಗಳುಗಳಲ್ಲಿ ಇಬ್ಬರದನ್ನೂ ನೋಡಬೇಕು. ಆಕೆಯ 1:32 ಎಂಬುದು ಒಂದು ವರ್ಷದೊಳಗೆ 1:8 ಅಥವಾ ಅದಕ್ಕಿಂತ ಕೆಳಗೆ ಬಂದರೆ ಔಷಧಿ ಕೆಲಸ ಮಾಡಿದೆ. ಆತನದು ಎಷ್ಟು ಹಳೆಯದೋ ಗೊತ್ತಿಲ್ಲದ ಕಾರಣ ಇಳಿಯುವುದು ನಿಧಾನವಾಗಬಹುದು. ಇಳಿಯದೇ ಇದ್ದರೆ ಅಥವಾ ಮತ್ತೆ ಏರಿದರೆ ವೈದ್ಯರಿಗೆ ತೋರಿಸಿ. ಟಿಪಿಎಚ್‌ಎ ಮಾತ್ರ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯಬಹುದು, ಮುಂದೆ ಯಾರಾದರೂ ಅದೊಂದನ್ನೇ ನೋಡಿ ಹೆದರಿಸಿದರೆ ಹೆದರಬಾರದೆಂದು ಇಬ್ಬರಿಗೂ ಈಗಲೇ ಹೇಳಿಡಿ.

ಹೆಂಡತಿಯ ವಿಷಯವನ್ನು ನೀವು ಕೇಳಬೇಡಿ, ಅದು ಸೂಜಿ ಹಾಕುವ ವೈದ್ಯರು ಕೇಳಬೇಕಾದ ಮಾತು. ‘ಮನೆಯಲ್ಲಿ ಗರ್ಭಿಣಿಯರು ಯಾರಾದರೂ ಇದ್ದಾರೆಯೇ’ ಎಂದು ಮೂರನೆಯ ಸೂಜಿಯ ದಿನ ಕೋಣೆಯಲ್ಲಿ ಆತ ಒಬ್ಬರೇ ಇರುವಾಗ ಕೇಳುವಂತೆ, ಮುನ್ನಾ ದಿನವೇ ವೈದ್ಯರಿಗೆ ತಿಳಿಸಿಡಿ. ಮುಳಬಾಗಿಲಿನಲ್ಲೇ ಹೆಂಡತಿಗೆ ಸಾಮಾನ್ಯ ರಕ್ತ ಪರೀಕ್ಷೆಯ ಜೊತೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಲು ಒಂದು ಚೀಟಿ ಬರೆದುಕೊಡಲಿ. ಕೋಲಾರದ ಹೆಸರು ಆ ಚೀಟಿಯಲ್ಲಿ ಇಲ್ಲದಿದ್ದರೆ ಆತ ಅದನ್ನು ಮನೆಗೆ ಕೊಂಡೊಯ್ಯುವ ಸಂಭವ ಹೆಚ್ಚು.